ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಲಾಟ್ ಕಾರು ಮತ್ತು ಮಲೆನಾಡಿನ ಮಳೆಗಾಲ

ಪ್ರಶ್ನೆ: ರಿಮೋಟ್ ಕಾರಿಗೂ ಸ್ಲಾಟ್ ಕಾರಿಗೂ ಇರುವ ವ್ಯತ್ಯಾಸವೇನು? ಇಷ್ಟು ಚಿಕ್ಕ ಕಾರಿನ ವೇಗ ನಿಜಕ್ಕೂ ಎಷ್ಟಿರುತ್ತದೆ?
(ಓದುಗರು, ವಿನೋಬನಗರ, ಶಿವಮೊಗ್ಗ)

ಉತ್ತರ: ರಿಮೋಟ್ ಕಾರಿನಲ್ಲಿ ಬ್ಯಾಟರಿ ಇರುತ್ತದೆ, ಚಕ್ರ ತಿರುಗಿಸುವ ಸ್ಟೀರಿಂಗ್ ಇರುತ್ತದೆ. ಸ್ಲಾಟ್ ಕಾರಿನಲ್ಲಿ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ. ಟ್ರ್ಯಾಕಿನ ಉದ್ದಕ್ಕೂ ಕೊರೆದ ಸಣ್ಣ ಸೀಳಿಗೆ, ಅಂದರೆ ಸ್ಲಾಟಿಗೆ, ಕಾರಿನ ಮೂತಿಯ ಅಡಿಯಲ್ಲಿರುವ ಗೈಡು ಎಂಬ ಪುಟ್ಟ ನಾಲಗೆ ಇಳಿದಿರುತ್ತದೆ. ಗೈಡಿನ ಎರಡೂ ಬದಿಗೆ ತಾಮ್ರದ ಎಳೆಗಳಿಂದ ಹೆಣೆದ ಬ್ರೇಡುಗಳಿದ್ದು, ಸ್ಲಾಟಿನ ಅಕ್ಕಪಕ್ಕದ ಲೋಹದ ಪಟ್ಟಿಗಳಿಂದ ಅವು ವಿದ್ಯುತ್ತನ್ನು ಮೋಟಾರಿಗೆ ಮುಟ್ಟಿಸುತ್ತವೆ. ಓಡಿಸುವವರ ಕೈಯಲ್ಲಿರುವ ಕಂಟ್ರೋಲರು ಆ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುತ್ತದೆ, ಅಷ್ಟೇ. ಯಾವ ತಿರುವಿಗೆ ಎಷ್ಟು ವೇಗ ಎಂಬ ತೀರ್ಮಾನ ಒಂದು ಬೆರಳಿನ ಮೇಲೆ ನಿಂತಿರುತ್ತದೆ.

ಈ ಆಟವನ್ನು ಮನೆಮನೆಗೆ ತಂದವರು ಇಂಗ್ಲೆಂಡಿನ ಮಿನಿಮಾಡೆಲ್ಸ್ ಕಂಪನಿಯ ಫ್ರೆಡ್ ಫ್ರಾನ್ಸಿಸ್. 1952ರಿಂದ ಸ್ಕೇಲೆಕ್ಸ್ ಎಂಬ ಕೀಲಿ ಕೊಡುವ ಕಾರುಗಳನ್ನು ಮಾರುತ್ತಿದ್ದ ಅವರು ಅವಕ್ಕೆ ವಿದ್ಯುತ್ ಮೋಟಾರು ಜೋಡಿಸಿ 1957ರಲ್ಲಿ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ತೋರಿಸಿದರು. ಸ್ಕೇಲೆಕ್ಸ್‌ಗೆ ಎಲೆಕ್ಟ್ರಿಕ್ ಸೇರಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಾಯಿತು. ಇಂದಿಗೂ ಮನೆಯ ಟ್ರ್ಯಾಕುಗಳಲ್ಲಿ ಹೆಚ್ಚಾಗಿ ಓಡುವುದು 1:32 ಅಳತೆಯ ಕಾರುಗಳೇ. ನಾಲ್ಕೂವರೆ ಮೀಟರ್ ಉದ್ದದ ಕಾರು ಈ ಅಳತೆಯಲ್ಲಿ ಸುಮಾರು 14 ಸೆಂಟಿಮೀಟರಿಗೆ ಇಳಿಯುತ್ತದೆ.

ವೇಗವನ್ನು ನೀವೇ ಲೆಕ್ಕ ಹಾಕಬಹುದು. 12 ವೋಲ್ಟಿನಲ್ಲಿ ನಿಮಿಷಕ್ಕೆ 18,000 ಸುತ್ತು ತಿರುಗುವ ಮೋಟಾರು, ಅದರ ಅಕ್ಷದ ತುದಿಗೆ 9 ಹಲ್ಲಿನ ಪಿನಿಯನ್ ಎಂಬ ಪುಟ್ಟ ಗೇರು, ಚಕ್ರಗಳ ಅಕ್ಷಕ್ಕೆ 27 ಹಲ್ಲಿನ ಕ್ರೌನ್ ಗೇರು ಎಂದುಕೊಳ್ಳಿ. ಚಕ್ರ ನಿಮಿಷಕ್ಕೆ 6,000 ಸುತ್ತು ತಿರುಗುತ್ತದೆ. ಟಯರಿನ ವ್ಯಾಸ 20 ಮಿ.ಮೀ. ಇದ್ದರೆ ಒಂದು ಸುತ್ತಿಗೆ ಸುಮಾರು 63 ಮಿ.ಮೀ. ದಾರಿ, ಅಂದರೆ ಸೆಕೆಂಡಿಗೆ ಆರು ಮೀಟರಿಗೂ ಮಿಕ್ಕಿ, ಗಂಟೆಗೆ 22 ಕಿಲೋಮೀಟರಿನ ಆಸುಪಾಸು. ಇದು ಹೊರೆಯಿಲ್ಲದೆ ತಿರುಗುವಾಗಿನ ಲೆಕ್ಕ, ಟ್ರ್ಯಾಕಿನ ಮೇಲೆ ಇದಕ್ಕಿಂತ ಕಡಿಮೆಯೇ ಸಿಗುತ್ತದೆ. ಆದರೂ ನಡುಮನೆಯ ಐದು ಮೀಟರ್ ನೇರ ದಾರಿಯನ್ನು ಕಾರು ಒಂದೇ ಉಸಿರಿಗೆ ದಾಟಿಬಿಡುತ್ತದೆ. ಆದ್ದರಿಂದ ನಮ್ಮಲ್ಲಿ ಮೋಟಾರಿನ ಬಲಕ್ಕೆ ಬರವಿಲ್ಲ. ಆ ಬಲ ಪಟ್ಟಿಯಿಂದ ಬ್ರೇಡಿಗೆ, ಟಯರಿನಿಂದ ನೆಲಕ್ಕೆ ಸೋರದೆ ತಲುಪುವುದೇ ಕಷ್ಟ. ಮುಂದಿನ ಎರಡು ಪ್ರಶ್ನೆಗಳೂ ಈ ಸೋರಿಕೆಯ ಕುರಿತಾಗಿಯೇ ಇವೆ.

ಪ್ರಶ್ನೆ: ಮಹಡಿಯ ಮೇಲೆ 12 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಸ್ಲಾಟು ಕೊರೆಸಿ, ತಾಮ್ರದ ಟೇಪು ಅಂಟಿಸಿ, ಎರಡು ಲೇನಿನ ಟ್ರ್ಯಾಕು ಮಾಡಿದ್ದೇನೆ. ಬೇಸಿಗೆಯಲ್ಲಿ ಕಾರುಗಳು ಚೆನ್ನಾಗಿ ಓಡಿದವು. ಆಷಾಢ ಮುಗಿಯುವಷ್ಟರಲ್ಲಿ ಅಲ್ಲಲ್ಲಿ ತಡವರಿಸತೊಡಗಿ, ಈಗ ಎರಡು ಕಡೆ ನಿಂತೇ ಹೋಗುತ್ತವೆ. ಮೋಟಾರು ಬದಲಿಸಬೇಕೇ?
(ಓದುಗರು, ಸಾಗರ)

ಉತ್ತರ: ಮೋಟಾರಿಗೆ ಕೈ ಹಾಕುವ ಮೊದಲು ಕಾರನ್ನು ಮಗುಚಿ ಹಿಡಿದು, 12 ವೋಲ್ಟಿನ ಎರಡು ತಂತಿಗಳನ್ನು ಎರಡು ಬ್ರೇಡುಗಳಿಗೆ ಮುಟ್ಟಿಸಿ ನೋಡಿ. ಚಕ್ರ ಒಂದೇ ಸಮನೆ ತಿರುಗಿದರೆ ಕಾರು ಆರೋಗ್ಯವಾಗಿದೆ, ಕಾಯಿಲೆ ಟ್ರ್ಯಾಕಿನದು. ನಿಮ್ಮ ವಿವರಣೆಯನ್ನು ಓದಿದರೆ ಹಾಗೆಯೇ ಅನ್ನಿಸುತ್ತದೆ.

ಎಂಡಿಎಫ್ ಎಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅದರ ಮೇಲ್ಮೈ ನುಣುಪಾಗಿ ಬಿಗಿಯಾಗಿದ್ದರೂ ಒಳಗಿನ ನಾರು ತೇವವನ್ನು ಹೀರಿಕೊಳ್ಳುತ್ತದೆ, ಸ್ಲಾಟು ಕೊರೆದಾಗ ಹೊರಬೀಳುವುದು ಆ ನಾರೇ. ಸುತ್ತ ಗಾಳಿಯೆಲ್ಲ ನೀರಾಗಿರುವ ನಮ್ಮ ಮಳೆಗಾಲದಲ್ಲಿ ಸ್ಲಾಟಿನ ತುಟಿಗಳು ಉಬ್ಬಿ, ಮೂರು ಮಿಲಿಮೀಟರಿನ ದಾರಿ ಎರಡೂವರೆಗೆ ಇಳಿಯುತ್ತದೆ, ಗೈಡು ಅಲ್ಲಿ ಸಿಕ್ಕಿಕೊಳ್ಳುತ್ತದೆ. ತುಟಿ ಉಬ್ಬಿದಾಗ ಅದರ ಮೇಲಿನ ಟೇಪೂ ಏಳುತ್ತದೆ. ಒಮ್ಮೆ ಉಬ್ಬಿದ ಎಂಡಿಎಫ್ ಒಣಗಿದರೂ ಮೊದಲಿನಂತಾಗುವುದಿಲ್ಲ. ನನ್ನ ಮೊದಲ ಟ್ರ್ಯಾಕು ಹಾಗೆಯೇ ಹಾಳಾಯಿತು. ನೀರು ತಾಗಿದರೂ ಏನೂ ಆಗದೆಂದು ಅಂಗಡಿಯವರು ಹೇಳಿದ ಮಾತನ್ನು ನಂಬಿ ಬಣ್ಣವನ್ನು ಮೇಲ್ಭಾಗಕ್ಕೆ ಮಾತ್ರ ಬಳಿದಿದ್ದೆ. ಶ್ರಾವಣದ ಹೊತ್ತಿಗೆ ಹಲಗೆ ತೊಟ್ಟಿಲಿನಂತೆ ಬಾಗಿತ್ತು, ಏಕೆಂದರೆ ಬಣ್ಣವಿಲ್ಲದ ಕೆಳಭಾಗ ಮಾತ್ರ ತೇವ ಕುಡಿದು ಹಿಗ್ಗಿತ್ತು. ಎರಡು ತಿಂಗಳ ಸಂಜೆಗಳ ಕೆಲಸ ಅದು. ಇಂದಿಗೂ ಆ ಹಲಗೆಯನ್ನು ನೆನೆದರೆ ಸಂಕಟವಾಗುತ್ತದೆ.

ಈಗ ನೀವು ಮಾಡಬಹುದಾದದ್ದು ಇಷ್ಟು. ಉಪ್ಪುಕಾಗದವನ್ನು ಹಳೆಯ ಸ್ಟೀಲ್ ಸ್ಕೇಲಿಗೆ ಸುತ್ತಿ ಬಿಗಿಯಾದ ಕಡೆಗಳಲ್ಲಿ ಸ್ಲಾಟಿನ ಒಳಗೋಡೆಯನ್ನು ತೀಡಿ, ಗೈಡು ತನ್ನ ಭಾರಕ್ಕೇ ಇಳಿದು ಸರಾಗವಾಗಿ ಜಾರುವವರೆಗೆ ಬಿಡಿಸಿ. ಆಮೇಲೆ ತೆಳು ಮಾಡಿದ ವಾರ್ನಿಷನ್ನು ಸಣ್ಣ ಕುಂಚದಿಂದ ಸ್ಲಾಟಿನೊಳಗೆ, ಹಲಗೆಯ ಅಂಚುಗಳಿಗೆ, ಕೆಳಭಾಗಕ್ಕೆ ಎರಡು ಮೂರು ಸಲ ಕುಡಿಸಿ. ಟೇಪಿನ ಮೇಲೆ ಮಾತ್ರ ತಾಗಬಾರದು. ಈ ಕೆಲಸಕ್ಕೆ ಬಿಸಿಲು ಬಿದ್ದ ನಾಲ್ಕು ದಿನಗಳನ್ನು ಕಾಯಿರಿ. ಒಳಗೆ ತೇವವಿರುವಾಗ ವಾರ್ನಿಷ್ ಬಳಿದರೆ ನೀರನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ಮುಂದೆ ಹೊಸ ಟ್ರ್ಯಾಕು ಮಾಡುವುದಾದರೆ ಟೇಪು ಅಂಟಿಸುವ ಮೊದಲೇ ಎಲ್ಲ ಮೈಗೂ ಇದನ್ನು ಮಾಡಿ ಮುಗಿಸಬೇಕು.

ಇನ್ನು ತಾಮ್ರ. ತೇವದ ಗಾಳಿಗೆ ಅದು ಕಪ್ಪಾಗುತ್ತದೆ, ಹಾಗೆಯೇ ಬಿಟ್ಟರೆ ಹಸಿರು ಕಿಲುಬು ಹಿಡಿಯುತ್ತದೆ, ಎರಡೂ ವಿದ್ಯುತ್ತಿಗೆ ಅಡ್ಡಿ. ನಮ್ಮ ಮನೆಗಳಲ್ಲಿ ತಾಮ್ರದ ಚೊಂಬನ್ನು ಹುಣಿಸೆಹಣ್ಣು, ಉಪ್ಪು ಹಾಕಿ ಬೆಳಗುತ್ತಾರೆ. ದಯವಿಟ್ಟು ಟ್ರ್ಯಾಕಿಗೆ ಆ ಉಪಾಯ ಬೇಡ, ಏಕೆಂದರೆ ಟೇಪಿನ ಅಂಚಿನಲ್ಲಿ ಉಳಿದ ಹುಳಿ ಮತ್ತು ಉಪ್ಪು ಮತ್ತೆ ಕಿಲುಬು ಬರಿಸುತ್ತವೆ, ನೀರು ಹಲಗೆಗೆ ಇಳಿಯುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿದ ಬಟ್ಟೆಯಿಂದ ಒರೆಸಿದರೆ ಸಾಕು. ಸ್ಟೀಲ್ ವೂಲನ್ನು, ಅಂದರೆ ಉಜ್ಜಲು ಬಳಸುವ ಉಕ್ಕಿನ ಎಳೆಗಳ ಉಂಡೆಯನ್ನು, ಟ್ರ್ಯಾಕಿನ ಹತ್ತಿರಕ್ಕೂ ತರಬೇಡಿ. ಅದರ ಪುಡಿ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಸೆಳೆದುಕೊಳ್ಳುತ್ತದೆ, ಒಳಗೆ ಸೇರಿದ ಎಳೆ ಮೋಟಾರನ್ನೇ ಕೊಲ್ಲುತ್ತದೆ.

ಪೂರ್ತಿ ನಿಂತುಹೋಗುವ ಆ ಎರಡು ಕಡೆಗಳಲ್ಲಿ ಟೇಪಿನ ತುಂಡುಗಳು ಸೇರುವ ಜಾಗವಿದೆಯೇ ನೋಡಿ. ಟೇಪಿನ ಅಡಿಯ ಅಂಟು ಹೆಚ್ಚಾಗಿ ವಿದ್ಯುತ್ತನ್ನು ಹಾಯಿಸುವುದಿಲ್ಲವಾದ್ದರಿಂದ ಒಂದರ ಮೇಲೊಂದು ಅಂಟಿಸಿದ ಮಾತ್ರಕ್ಕೆ ಸಂಪರ್ಕ ಸಿಗದು. ಅಲ್ಲಿ ಬೆಸುಗೆ ಹಾಕಲೇಬೇಕು. ಟ್ರ್ಯಾಕು ಉದ್ದವಾಗಿದ್ದರೆ ಒಂದೇ ಕಡೆ ವಿದ್ಯುತ್ ಕೊಡದೆ, ಹಲಗೆಯ ಅಡಿಯಿಂದ ದಪ್ಪ ತಂತಿ ಎಳೆದು ದೂರದ ತುದಿಗೂ ಒಂದು ಜೋಡಿ ಕೊಡಿ.

ಪ್ರಶ್ನೆ: ಹೊಸ 1:32 ಕಾರಿನ ತಳದಲ್ಲಿದ್ದ ಅಯಸ್ಕಾಂತ ತೆಗೆದ ಮೇಲೆ ಪ್ರತಿ ತಿರುವಿನಲ್ಲೂ ಹಿಂಭಾಗ ಜಾರಿ ಹೊರಗೆ ಬೀಳುತ್ತಿದೆ. ಗೆಳೆಯರು ಇನ್ನೂ ಬಲವಾದ ಮೋಟಾರು ಹಾಕು ಎನ್ನುತ್ತಾರೆ.
(ಓದುಗರು, ಭದ್ರಾವತಿ)

ಉತ್ತರ: ಜಾರುವ ಕಾರಿಗೆ ಇನ್ನಷ್ಟು ಬಲ ಕೊಟ್ಟರೆ ಇನ್ನಷ್ಟು ಜಾರುತ್ತದೆ. ಅಯಸ್ಕಾಂತ ತೆಗೆದದ್ದು ಒಳ್ಳೆಯ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಅದು ಟ್ರ್ಯಾಕಿನ ಕಬ್ಬಿಣದ ಪಟ್ಟಿಯನ್ನು ಹಿಡಿದು ಕಾರನ್ನು ಕೆಳಕ್ಕೆ ಎಳೆಯುತ್ತದೆ, ಹಿಡಿತದ ಕೊನೆಯನ್ನು ಮರೆಮಾಡುತ್ತದೆ, ಕೊನೆ ಬಂದಾಗ ಮುನ್ಸೂಚನೆ ಇಲ್ಲದೆ ಕಾರನ್ನು ಎಸೆಯುತ್ತದೆ. ಅಯಸ್ಕಾಂತವಿಲ್ಲದ ಕಾರು ಮೊದಲು ಬಾಲ ಆಡಿಸಿ ಎಚ್ಚರಿಸುತ್ತದೆ, ಆ ಎಚ್ಚರಿಕೆಗೆ ಬೆರಳು ಸ್ಪಂದಿಸುವುದರಲ್ಲಿಯೇ ಈ ಆಟದ ಸುಖವಿದೆ.

ಕೆಲಸ ಟಯರಿನಿಂದ ಶುರುವಾಗಲಿ. ಕಾರನ್ನು ಕಿಟಕಿಯ ಗಾಜಿನ ತುಂಡಿನ ಮೇಲಿಟ್ಟು ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದು ನೋಡಿ: ಹಿಂದಿನ ಟಯರು ಗಾಜನ್ನು ಪೂರ್ತಿ ಅಗಲಕ್ಕೆ ಮುಟ್ಟುತ್ತಿರುವುದು ಅಪರೂಪ. ಹೆಚ್ಚಾಗಿ ಒಂದು ಅಂಚು ಮಾತ್ರ ತಾಗಿ, ಉಳಿದ ಕಡೆ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ಟಯರನ್ನು ರಿಮ್ಮಿಗೆ ಅಂಟಿನಿಂದ ಕೂರಿಸಿ. ಸಮತಟ್ಟಾದ ಹಲಗೆಗೆ 120ರ ಉಪ್ಪುಕಾಗದ ಅಂಟಿಸಿ, ಐದಾರು ವೋಲ್ಟಿನಲ್ಲಿ ಚಕ್ರವನ್ನು ತಿರುಗಿಸುತ್ತ, ಹೂವು ಮುಟ್ಟಿದಷ್ಟು ಹಗುರವಾಗಿ ಕಾಗದಕ್ಕೆ ತಾಗಿಸಿ. ಮೊದಲಿಗೆ ಕಾರು ಕೈಯಲ್ಲಿ ಗಡಗಡ ನಡುಗುತ್ತದೆ. ಕಪ್ಪು ಪುಡಿ ಉದುರುತ್ತ ಹೋದಂತೆ ನಡುಕ ಇಳಿದು, ಸದ್ದು ಒಂದೇ ಶ್ರುತಿಗೆ ಬರುತ್ತದೆ. ಆಗ 400ರ ಕಾಗದದಲ್ಲಿ ನಯ ಮಾಡಿ ನಿಲ್ಲಿಸಿ. ಒಂದೇ ಸಲಕ್ಕೆ ಒತ್ತಿದರೆ ರಬ್ಬರು ಬಿಸಿಯಾಗಿ ಹರಿಯುತ್ತದೆ.

ಎರಡನೆಯದಾಗಿ, ಚಾಸಿಯನ್ನೂ ಬಾಡಿಯನ್ನೂ ಹಿಡಿದಿರುವ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ. ಬಾಡಿ ತುಸು ಅಲುಗಿದರೆ ತಿರುವಿನ ಒದೆತ ನೇರವಾಗಿ ಚಕ್ರಗಳಿಗೆ ಹೋಗುವುದಿಲ್ಲ. ಮುಂದಿನ ಚಕ್ರಗಳು ನೆಲವನ್ನು ತಾಗಿಯೂ ತಾಗದಂತಿರಬೇಕು, ಮೂತಿಯ ಭಾರ ಗೈಡಿನ ಮೇಲಿರಬೇಕು. ಇಷ್ಟಾದ ಮೇಲೂ ಮೂತಿ ಏಳುತ್ತಿದ್ದರೆ ಗೈಡಿನ ಹಿಂದೆ, ಚಾಸಿಯ ತಳದಲ್ಲಿ, ಎರಡು ಮೂರು ಗ್ರಾಂ ಸೀಸದ ತಗಡು ಅಂಟಿಸಬಹುದು. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯುವುದನ್ನು ಮರೆಯಬೇಡಿ. ಮೋಟಾರಿನ ಮಾತು ಇವೆಲ್ಲ ಮುಗಿದ ಮೇಲೆ.

ಪ್ರಶ್ನೆ: ಆಗುಂಬೆ ಘಾಟಿಯ 14 ತಿರುವುಗಳನ್ನೂ ತೋರಿಸುವ ಟ್ರ್ಯಾಕು ಮಾಡಬೇಕೆಂಬ ಆಸೆ. ಎರಡು ಲೇನುಗಳ ಉದ್ದ ಸಮವಾಗಿರಬೇಕಾದರೆ ಏನು ಮಾಡಬೇಕು?
(ಓದುಗರು, ತೀರ್ಥಹಳ್ಳಿ)

ಉತ್ತರ: ನಿಮ್ಮ ಆಸೆ ಓದಿ ತುಂಬ ಸಂತೋಷವಾಯಿತು. 1:32ರಲ್ಲಿ ಒಂದು ಕಿಲೋಮೀಟರ್ ರಸ್ತೆಗೆ 31 ಮೀಟರಿಗೂ ಹೆಚ್ಚು ಹಲಗೆ ಬೇಕಾದ್ದರಿಂದ ಇಡೀ ಘಾಟಿ ಯಾವ ಮನೆಯಲ್ಲೂ ಹಿಡಿಸದು. ಬಂದ ದಿಕ್ಕಿಗೇ ಹೊರಳುವ ಮೂರು ನಾಲ್ಕು ಹೇರ್‌ಪಿನ್ನುಗಳನ್ನು ಆಯ್ದುಕೊಂಡು ಅವನ್ನೇ ಮನಸ್ಸಿಟ್ಟು ಮಾಡಿ. ಏರು ಹತ್ತಕ್ಕೆ ಒಂದನ್ನು ಮೀರದಿರಲಿ. ಏರು ಮುಗಿದು ಸಮತಟ್ಟಾಗುವ ಕಡೆ ಹಲಗೆಯನ್ನು ನಿಧಾನವಾಗಿ ಬಾಗಿಸಬೇಕು, ಇಲ್ಲವಾದರೆ ಅಲ್ಲಿ ಗೈಡು ಸ್ಲಾಟಿನಿಂದ ಮೇಲೆದ್ದುಬಿಡುತ್ತದೆ.

ಲೇನುಗಳ ಲೆಕ್ಕ ಸ್ವಾರಸ್ಯವಾಗಿದೆ. ಲೇನುಗಳ ನಡುವೆ 90 ಮಿ.ಮೀ. ಅಂತರವಿದ್ದರೆ ಒಂದು ಹೇರ್‌ಪಿನ್ನಿನಲ್ಲಿ ಹೊರಗಿನ ಕಾರು ಸುಮಾರು 283 ಮಿ.ಮೀ. ಹೆಚ್ಚು ಓಡುತ್ತದೆ. ಮುಂದಿನ ಹೇರ್‌ಪಿನ್ನು ಎದುರು ದಿಕ್ಕಿಗೆ ತಿರುಗಿದರೆ ಆ ನಷ್ಟ ತುಂಬಿಹೋಗುತ್ತದೆ. ಆದರೆ ತನ್ನನ್ನು ತಾನು ದಾಟದೆ ಹೊರಟಲ್ಲಿಗೇ ಬಂದು ಸೇರುವ ಟ್ರ್ಯಾಕು, ನಡುವೆ ಎಷ್ಟು ತಿರುವುಗಳಿದ್ದರೂ, ಕೊನೆಗೆ ಒಂದು ಪೂರ್ಣ ಸುತ್ತು ತಿರುಗಿಯೇ ತೀರುತ್ತದೆ. ಆದ್ದರಿಂದ ಹೊರಗಿನ ಲೇನು ಪ್ರತಿ ಸುತ್ತಿಗೂ ಸುಮಾರು 565 ಮಿ.ಮೀ. ಉದ್ದವಾಗಿಯೇ ಉಳಿಯುತ್ತದೆ. ಇದಕ್ಕೆ ಪರಿಹಾರ ಸೇತುವೆ. ಘಾಟಿ ಇಳಿದ ರಸ್ತೆ ಏರುವ ರಸ್ತೆಯ ಅಡಿಯಲ್ಲಿ ಹಾದು, ಇಡೀ ಟ್ರ್ಯಾಕು ಇಂಗ್ಲಿಷಿನ ಎಂಟರ ಆಕಾರಕ್ಕೆ ಬಂದರೆ ಎಡದ ತಿರುವೂ ಬಲದ ತಿರುವೂ ಸರಿದೂಗಿ ಎರಡು ಲೇನುಗಳೂ ಸಮವಾಗುತ್ತವೆ. ಸೇತುವೆ ಬೇಡವೆಂದರೆ ಇಬ್ಬರೂ ಲೇನು ಬದಲಿಸಿಕೊಂಡು ಎರಡು ಸಲ ಓಡಿಸಿ, ಒಟ್ಟು ಸುತ್ತುಗಳನ್ನು ಕೂಡಿ ಗೆಲುವನ್ನು ತೀರ್ಮಾನಿಸಿ. ಸ್ಪರ್ಧೆಗಳಲ್ಲಿ ರೂಢಿಯಲ್ಲಿರುವುದೂ ಇದೇ ಕ್ರಮ.

ಇಳಿಜಾರಿಗಾಗಿ ಮೂರು ತಂತಿಯ ಕಂಟ್ರೋಲರನ್ನು ಬಳಸಿ. ಬೆರಳು ಬಿಟ್ಟೊಡನೆ ಅದರ ಮೂರನೆಯ ತಂತಿ ಲೇನಿನ ಎರಡು ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸುತ್ತದೆ, ತಿರುಗುತ್ತಿರುವ ಮೋಟಾರು ಆಗ ಜನರೇಟರಿನಂತೆ ವರ್ತಿಸಿ ತನ್ನನ್ನು ತಾನೇ ತಡೆಯುತ್ತದೆ. ಎರಡು ತಂತಿಯದರಲ್ಲಿ ಈ ಬ್ರೇಕು ಸಿಗದು, ಘಾಟಿಯ ಮೊದಲ ತಿರುವಿನಲ್ಲಿಯೇ ಕಾರು ಕಣಿವೆಗೆ ಬೀಳುತ್ತದೆ.

ಪ್ರಶ್ನೆ: ಹತ್ತು ವರ್ಷದ ಮಗಳು ಕಾರನ್ನು ಬಿಚ್ಚಿ ತಾನೇ ಬೆಸುಗೆ ಹಾಕುತ್ತೇನೆನ್ನುತ್ತಾಳೆ. ಬಿಡಬಹುದೇ?
(ಓದುಗರು, ಹೊಸನಗರ)

ಉತ್ತರ: ಬಿಡಿ, ಆದರೆ ಪಕ್ಕದಲ್ಲಿ ಕುಳಿತಿರಿ. 12 ವೋಲ್ಟಿನ ಟ್ರ್ಯಾಕನ್ನು ಮುಟ್ಟಿದರೆ ಆಘಾತವಾಗುವುದಿಲ್ಲ. ಗೋಡೆಯ ಪ್ಲಗ್ಗಿನಿಂದ ಅಡಾಪ್ಟರಿನವರೆಗಿನ ಭಾಗ ಮಾತ್ರ ಅಪಾಯದ್ದು, ಅದನ್ನು ಬಿಚ್ಚಬಾರದೆಂದು ಮೊದಲೇ ಹೇಳಿ. 25 ವ್ಯಾಟಿನ ಬೆಸುಗೆ ಕಡ್ಡಿ, ಅದನ್ನು ಇಡಲು ಭದ್ರವಾದ ಸ್ಟ್ಯಾಂಡು, ಹೊಗೆ ಹೊರಹೋಗಲು ತೆರೆದ ಕಿಟಕಿ ಇರಲಿ. ಮೊದಲ ದಿನ ಕಾರನ್ನು ಕೊಡದೆ, ಹಳೆಯ ತಂತಿಯ ಹತ್ತು ತುಂಡುಗಳನ್ನು ಕೊಟ್ಟು ಒಂದಕ್ಕೊಂದು ಸೇರಿಸಲು ಹೇಳಿ. ಎಳೆದರೂ ಬಿಡದಂತೆ, ಹೊಳೆಯುವ ಬೆಸುಗೆ ಅವಳ ಕೈಗೆ ಬಂದ ದಿನ ಮೋಟಾರಿನ ತಂತಿಯನ್ನು ಅವಳಿಗೇ ಒಪ್ಪಿಸಿ.