ಯಾವಾಗ ಫೇಲ್ ಆಗುತ್ತೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ 26 ವರ್ಷ. ಬೆಂಗಳೂರಿನ ಪೀಜಿಯಲ್ಲಿ ವಾಸ, ಸಾಫ್ಟ್‌ವೇರ್ ಕೆಲಸ. ನಿದ್ದೆ ಬರುತ್ತಿಲ್ಲವೆಂದು ನನ್ನ ಬಳಿ ಸಲಹೆಗೆ ಬಂದಿದ್ದಳು. ಒಳಗಿದ್ದ ಮಾತು ಹೊರಬಂದದ್ದು ಎರಡನೇ ಭೇಟಿಯಲ್ಲಿ.

"ಮೇಡಂ, ಒಂದು ಯೂನಿಟ್ ಟೆಸ್ಟ್ ನನ್ನ ಕೈಲಿ ಮಾತ್ರ ಫೇಲ್ ಆಗುತ್ತೆ. ಬೇರೆಯವರು ರನ್ ಮಾಡಿದ್ರೆ ಪಾಸ್, ಸರ್ವರ್‌ನಲ್ಲೂ ಪಾಸ್. ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ ಅನ್ಸುತ್ತೆ."

ಯೂನಿಟ್ ಟೆಸ್ಟ್ ಅಂದರೆ ಕೋಡಿನ ಒಂದು ಸಣ್ಣ ಭಾಗ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ಪುಟ್ಟ ಕೋಡ್. ಲ್ಯಾಪ್‌ಟಾಪ್ ಸರಿಮಾಡಿಕೋ ಎಂದು ತಂಡದ ಲೀಡ್ ಮಾತು ಮುಗಿಸಿದ್ದರಂತೆ. ಆಮೇಲೆ ಮೂರು ವಾರ ಯಾರನ್ನೂ ಕೇಳದೆ ಒಬ್ಬಳೇ ಒದ್ದಾಡಿದ್ದಾಳೆ.

ಆಕೆ ಕೋಡ್ ಬರೆಯುವ ಪೈಥಾನ್ ಭಾಷೆ ನನಗೆ ಬರುವುದಿಲ್ಲ. ಎದೆ ಡವಗುಟ್ಟುತ್ತದೆ ಎಂದು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ 'ಯಾವಾಗ?'. ಅದನ್ನೇ ಕೇಳಿದೆ. ಆಕೆ ಗಮನಿಸಿರಲಿಲ್ಲ. ಒಂದು ವಾರ ಕೋಡ್ ಮುಟ್ಟಬೇಡಿ, ಟೆಸ್ಟ್ ರನ್ ಮಾಡಿದ ಹೊತ್ತು, ಬಂದ ಎರರ್ ಸಾಲು, ಎರಡನ್ನೂ ಇದ್ದದ್ದು ಇದ್ದಹಾಗೆ ಬರೆದಿಡಿ ಎಂದೆ.

ಮುಂದಿನ ಭೇಟಿಗೆ ನೋಟ್‌ಬುಕ್ ಬಿಚ್ಚಿಕೊಂಡೇ ಬಂದಳು. ಫೇಲ್ ಆದದ್ದೆಲ್ಲ ರಾತ್ರಿ 12ರಿಂದ ಬೆಳಗಿನ 5:30ರೊಳಗೆ. ಪ್ರತಿಸಲವೂ ತಾರೀಖಿನಲ್ಲಿ ಒಂದು ದಿನದ ವ್ಯತ್ಯಾಸ. ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ಯುಟಿಸಿ; ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಪ್ರೋಗ್ರಾಂ ಪಾವತಿಯ ತಾರೀಖನ್ನು ಯುಟಿಸಿಯಲ್ಲಿ ತೆಗೆದುಕೊಳ್ಳುತ್ತಿತ್ತು, ಟೆಸ್ಟ್ ಲ್ಯಾಪ್‌ಟಾಪಿನ ತಾರೀಖನ್ನು ನೋಡುತ್ತಿತ್ತು. ಇಲ್ಲಿ ದಿನ ಬದಲಾದರೂ ಯುಟಿಸಿಯಲ್ಲಿ ಇನ್ನೂ ಐದೂವರೆ ಗಂಟೆ ಕಾಲ ನಿನ್ನೆಯೇ. ಸರ್ವರ್ ಓಡುವುದೇ ಯುಟಿಸಿಯಲ್ಲಿ, ಹಾಗಾಗಿ ಅಲ್ಲಿ ಎಂದೂ ಫೇಲ್ ಇಲ್ಲ. ಅಮೆರಿಕದವರ ಕಾಲ್ ಮುಗಿಸಿ ಸರಿರಾತ್ರಿ ಕೋಡ್ ಬರೆಯುತ್ತಿದ್ದವಳು ಇವಳೊಬ್ಬಳೇ.

ಕಾರಣ ಸಿಕ್ಕಿತಲ್ಲ, ಇನ್ನು ಟೆಸ್ಟನ್ನು ಸ್ಕಿಪ್ ಮಾಡುತ್ತೇನೆ ಎಂದಳು. ನನಗೆ ಸರಿಕಾಣಲಿಲ್ಲ. "ರಾತ್ರಿ ಒಂದು ಗಂಟೆಗೆ ಗ್ರಾಹಕರು ದುಡ್ಡು ಕಟ್ಟಿದರೆ ರಸೀದಿಯಲ್ಲಿ ಯಾವ ತಾರೀಖು ಬರುತ್ತೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಂದಿನ ದಿನದ್ದು ಮೇಡಂ" ಎಂದಳು. ಇಷ್ಟೂ ದಿನ ಆ ಟೆಸ್ಟ್ ನಿಜವನ್ನೇ ಹೇಳುತ್ತಿತ್ತು, ಆಕೆಯೂ ಅಷ್ಟೇ.

ಲೀಡ್ ಹತ್ತಿರ ನೋಟ್‌ಬುಕ್ ಸಮೇತ ಹೋಗಿ, 'ನನ್ನದೇ ತಪ್ಪಿರಬಹುದು' ಎಂದು ಶುರುಮಾಡಬೇಡಿ, ಮೊದಲು ಹೊತ್ತುಗಳನ್ನು ತೋರಿಸಿ ಎಂದೆ. ಇನ್ನುಮುಂದೆ ಒಂದು ಗಂಟೆ ಸಿಕ್ಕಿಹಾಕಿಕೊಂಡರೆ ಯಾರನ್ನಾದರೂ ಕೇಳಲೇಬೇಕು ಎಂದೂ ಒಪ್ಪಿಸಿದೆ. ಪರಿಹಾರ ಆಕೆಯದೇ: ತಾರೀಖನ್ನು ಭಾರತದ ಸಮಯದಲ್ಲಿ ಲೆಕ್ಕಹಾಕುವುದು, ಸಮಯವನ್ನು ಫಂಕ್ಷನ್‌ಗೆ (ತಾರೀಖು ಲೆಕ್ಕಹಾಕುವ ಕೋಡಿನ ಭಾಗಕ್ಕೆ) ಹೊರಗಿನಿಂದ ಕೊಡುವುದು, ಟೆಸ್ಟ್‌ನಲ್ಲಿ ಅದನ್ನು ರಾತ್ರಿ 12:30 ಎಂದು ಕಟ್ಟಿಹಾಕುವುದು. ಲೀಡ್ ಒಪ್ಪಿದ್ದಾರೆ.

ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ರಾತ್ರಿಯ ಕಾಲ್‌ಗಳನ್ನು ವಾರಕ್ಕೆ ಎರಡಕ್ಕೆ ಇಳಿಸಲು ಕೇಳಬೇಕೆಂದಿದ್ದಾಳೆ. ಹೇಗೆ ಕೇಳುವುದೆಂದು ಮುಂದಿನ ಭೇಟಿಯಲ್ಲಿ ಕೂತು ಮಾತಾಡುತ್ತೇವೆ.