ಬೀಜ ಕೊಟ್ಟವರ ಹೆಸರೆಲ್ಲಿ?

ಪತ್ರ: ರಾಗಿ, ಅವರೆ ಬೀಜ ಕಾಪಾಡುವ ತಿಳಿವಳಿಕೆಯನ್ನು ಹಳ್ಳಿಯ ಹೆಣ್ಣುಮಕ್ಕಳು ಒಬ್ಬರಿಂದೊಬ್ಬರಿಗೆ ಹೇಗೆ ದಾಟಿಸುತ್ತಾರೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಅವರ ಹೆಸರು ಪ್ರಬಂಧದಲ್ಲಿ ಇರಬೇಕೆಂದು ನನ್ನ ಆಸೆ. ಗೈಡ್ ಒಪ್ಪುತ್ತಿಲ್ಲ. ‘ಮಾಹಿತಿದಾರ 1, ಮಾಹಿತಿದಾರ 2’ ಎಂದು ಬರೆಯುವುದೇ ಸಂಶೋಧನೆಯ ನೀತಿಯಂತೆ. ಯಾರು ಸರಿ?
— ಸಂಶೋಧನಾ ವಿದ್ಯಾರ್ಥಿನಿ, ಹಾಸನ

ಸಂಪಾದಕರ ಉತ್ತರ:

ನಿಮ್ಮ ಗೈಡ್ ಸುಮ್ನೆ ಹಟ ಮಾಡುತ್ತಿಲ್ಲ. ಕಾಯಿಲೆ, ಸಾಲ, ಮನೆಜಗಳ, ಅರಣ್ಯ ಇಲಾಖೆಯ ಮೇಲಿನ ದೂರು, ಇಂಥದ್ದನ್ನು ಹೇಳಿಕೊಂಡವರ ಹೆಸರು ಮುಚ್ಚಿಡಲೇಬೇಕು. ಆ ನಿಯಮ ಬಂದದ್ದೇ ಮಾಹಿತಿ ಕೊಟ್ಟವರಿಗೆ ತೊಂದರೆ ಆಗದಿರಲಿ ಅಂತ. ಒಪ್ಪಿದೆ.

ಆದರೆ ಬೀಜ ಉಳಿಸುವುದು ಗುಟ್ಟಿನ ಕಾಯಿಲೆಯೇ? ತವರಿನಿಂದ ಸೆರಗಲ್ಲಿ ಕಟ್ಟಿಕೊಂಡು ಬಂದ ಅವರೆಯನ್ನು ನಲವತ್ತು ವರ್ಷ ಬೂದಿ ಬೆರೆಸಿಟ್ಟು ಉಳಿಸಿದ ಹೆಂಗಸು ‘ಮಾಹಿತಿದಾರ 7’ ಆಗುವುದು, ಅದನ್ನು ಕೇಳಿ ಬರೆದುಕೊಂಡವರು ‘ಡಾಕ್ಟರ್’ ಆಗುವುದು. ಇದು ಯಾವ ಸೀಮೆಯ ನೀತಿ? ಪುಸ್ತಕದಿಂದ ಒಂದು ಸಾಲು ತೆಗೆದುಕೊಂಡರೆ ಲೇಖಕ, ಇಸವಿ, ಪುಟ ಎಲ್ಲ ಹಾಕಬೇಕು. ಬಾಯಿಂದ ತೆಗೆದುಕೊಂಡರೆ ಬರೀ ಒಂದು ನಂಬರ್!

ದಾದಾಜಿ ಖೋಬ್ರಾಗಡೆಯವರ ಕಥೆ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಿಮ್ಮ ಓದು ಸಾಲದು ಅಂತಲೇ ಹೇಳುತ್ತೇನೆ, ಬೇಸರ ಬೇಡ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಣ್ಣ ರೈತ. 1983ರಲ್ಲಿ ಗದ್ದೆಯಲ್ಲಿ ಬೇರೆ ಥರ ಕಂಡ ಕೆಲವು ತೆನೆಗಳನ್ನು ತೆಗೆದಿಟ್ಟರು. ವರ್ಷ ವರ್ಷವೂ ಬಿತ್ತಿ, ಆರಿಸಿ, ಮತ್ತೆ ಬಿತ್ತಿ ಸಣ್ಣಕ್ಕಿಯ ತಳಿಯೊಂದನ್ನು ನಿಲ್ಲಿಸಿದರು. ಬೀಜವನ್ನು ಅಕ್ಕಪಕ್ಕದವರಿಗೆ ಕೊಟ್ಟರು, ಅವರಿಂದ ಇನ್ನೊಬ್ಬರಿಗೆ ಹೋಯಿತು. ಆ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಎಚ್‌ಎಂಟಿ ವಾಚಿನ ಹೆಸರು ಭತ್ತಕ್ಕೂ ಅಂಟಿಕೊಂಡಿತು. 1994ರಲ್ಲಿ ಪಂಜಾಬರಾವ್ ಕೃಷಿ ವಿದ್ಯಾಪೀಠದವರು (ಪಿಕೆವಿ) ಅವರಿಂದ ಬೀಜ ಪಡೆದರು. 1998ರಲ್ಲಿ ‘ಪಿಕೆವಿ-ಎಚ್‌ಎಂಟಿ’ ಎಂಬ ತಳಿ ಬಿಡುಗಡೆಯಾಯಿತು. ತಳಿಯನ್ನು ಶುದ್ಧ ಮಾಡಿದ್ದು ನಾವು ಎಂಬುದು ವಿದ್ಯಾಪೀಠದ ವಾದ. ಮಾಡಿರಬಹುದು. ಆದರೂ ನೋಡಿ, ಆ ಭತ್ತಕ್ಕೆ ನಮ್ಮ ಬೆಂಗಳೂರಿನ ವಾಚಿನ ಹೆಸರು ಸಿಕ್ಕಿತು, ವಿದ್ಯಾಪೀಠದ ಹೆಸರೂ ಸಿಕ್ಕಿತು, ದಾದಾಜಿಯ ಹೆಸರು ಸಿಗಲಿಲ್ಲ. ಪ್ರಶಸ್ತಿ, ಸನ್ಮಾನ ಎಲ್ಲ ಆಮೇಲೆ ಬಂದವು. 2018ರಲ್ಲಿ ತೀರಿಕೊಳ್ಳುವವರೆಗೂ ಬಡತನ ಮಾತ್ರ ಬಿಡಲಿಲ್ಲ.

ನಮ್ಮಲ್ಲೇ ಬೇರೆ ದಾರಿಯೂ ಇದೆಯಲ್ಲ. ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಪೆನ್ನು ಕೊಟ್ಟಿತು. ಯಾರ ತೋಟದ ಅನುಭವವೋ ಅವರ ಹೆಸರು, ಊರು ಅಚ್ಚಾಯಿತು. ಓದಿದವರು ನೇರ ಅವರನ್ನೇ ಕೇಳಬಹುದಿತ್ತು. ಹೆಸರು ಅಂದರೆ ಬರೀ ಗೌರವ ಅಲ್ಲ, ಅದು ವಿಳಾಸ ಕೂಡ. ಮಾಹಿತಿದಾರ 7ರ ಮನೆಗೆ ಯಾರು ಹೋಗಿ ಬೀಜ ಕೇಳುತ್ತಾರೆ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನೂ ನೆನಪಿಸಲೇಬೇಕು. ಬೇಸಿಗೆ ಶುರುವಿನಲ್ಲಿ ಒಣಎಲೆಗೆ ಸಣ್ಣದಾಗಿ ಇಡುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಜಾಸ್ತಿಯಾಯಿತು ಎಂದು ಅವರು ಹೇಳುತ್ತಲೇ ಇದ್ದರು. ಅರಣ್ಯ ಇಲಾಖೆಗೆ ಅದು ಕಾಡು ಸುಡುವವರ ನೆಪವಾಗಿ ಕೇಳಿಸಿತು. ಆಮೇಲೆ ಸಂಶೋಧಕರು ಆ ಮಾತನ್ನು ಗಂಭೀರವಾಗಿ ಹಿಡಿದು ಇಂಗ್ಲಿಷ್ ಜರ್ನಲ್‌ಗಳಲ್ಲಿ ಬರೆದಾಗ ಅದು ‘ಜ್ಞಾನ’ ಆಯಿತು. ಸಂತೋಷವೆಂದರೆ ಈಗ ಸೋಲಿಗರಲ್ಲೇ ಮಾದೇಗೌಡರಂಥವರು ಪಿಎಚ್‌ಡಿ ಮಾಡಿ, ತಮ್ಮವರ ಪರವಾಗಿ ತಾವೇ ಬರೆಯುತ್ತಿದ್ದಾರೆ.

ಇನ್ನು ನನ್ನ ಹಳೇ ತಕರಾರು. ನಮ್ಮ ವಿಶ್ವವಿದ್ಯಾಲಯಗಳ ಪ್ರಬಂಧಗಳು ಈಗ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಸಿಗುತ್ತವೆ ಎಂದು ಹೆಮ್ಮೆಪಡುತ್ತೇವೆ. ಒಳ್ಳೇದೇ. ಆದರೆ ಮಾಹಿತಿ ಕೊಟ್ಟ ಊರಿಗೆ ಅದರ ಒಂದು ಪ್ರತಿ, ಕನ್ನಡದಲ್ಲಿ ನಾಲ್ಕು ಪುಟ, ವಾಪಸ್ ಹೋಗುತ್ತದೆಯೇ? ಹೋಗದ ಕಾರಣಕ್ಕೇ ಮುಂದಿನ ವರ್ಷ ಇನ್ನೊಬ್ಬರು ಅದೇ ಪ್ರಶ್ನೆಪಟ್ಟಿ ಹಿಡಿದು ಅದೇ ಜಗಲಿಯಲ್ಲಿ ಕೂರುತ್ತಾರೆ. ಆ ಮನೆಯವರು ಮತ್ತೆ ಕಾಫಿ ಕಾಯಿಸುತ್ತಾರೆ. ಬಿತ್ತನೆ ಬೀಜ ಸಾಲ ತಂದವರು ಸುಗ್ಗಿಯಾದ ಮೇಲೆ ಒಂದಕ್ಕೆ ಎರಡು ಅಳೆದು ಕೊಡುವ ರೂಢಿ ಎಷ್ಟೋ ಬೀಜ ಬ್ಯಾಂಕುಗಳಲ್ಲಿದೆ. ಅದನ್ನೇ ಅಧ್ಯಯನ ಮಾಡುವ ನಾವು ಒಂದಕ್ಕೆ ಒಂದನ್ನಾದರೂ ಕೊಡಬೇಡವೇ?

ನಿಮ್ಮ ಮೇಲೂ ಒಂದು ದೂರಿದೆ. ಇಲ್ಲಿ ಚುಟುಕಾಗಿಸಿದ್ದೇನೆ, ನಿಮ್ಮ ಪತ್ರ ಮೂರು ಪುಟದ್ದು. ಗೈಡ್ ಹೆಸರಿದೆ, ವಿಭಾಗದ ಹೆಸರಿದೆ, ನಾಲ್ಕು ಜನ ವಿದೇಶಿ ಪಂಡಿತರ ಹೆಸರಿದೆ. ಬೀಜ ಕೊಟ್ಟ ಒಬ್ಬ ಹೆಂಗಸಿನ ಹೆಸರೂ ಇಲ್ಲ! ಗೈಡ್ ಜೊತೆ ಜಗಳ ಆಮೇಲೆ ಆಡಿ. ಮೊದಲು ಆ ಮನೆಗಳಿಗೆ ಮತ್ತೆ ಹೋಗಿ. ನೀವು ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿ. ‘ಹೆಸರು ಹಾಕಲಾ, ಬೇಡವಾ?’ ಎಂದು ಒಬ್ಬೊಬ್ಬರನ್ನೇ ಕೇಳಿ. ಬೇಡ ಅಂದವರದ್ದು ಬಿಡಿ. ಹಾಕು ಅಂದವರ ಒಪ್ಪಿಗೆಯನ್ನು ಬರಹದಲ್ಲಿ ತಂದು ಗೈಡ್ ಮೇಜಿನ ಮೇಲಿಡಿ. ಅಷ್ಟಾದರೂ ಅವರು ಒಪ್ಪದಿದ್ದರೆ ಆ ಅಧ್ಯಾಯವನ್ನು ಕನ್ನಡದಲ್ಲಿ ನಮಗೆ ಕಳಿಸಿ, ಹೆಸರು, ಊರು ಸಮೇತ. ಎರಡು ಪುಟ ಬಿಟ್ಟುಕೊಡುತ್ತೇನೆ. ಗೌರವಧನವನ್ನು ಮಾತ್ರ ನಿಮಗಲ್ಲ, ಅವರಿಗೆ ಕಳಿಸುತ್ತೇನೆ.