ಒಂದೇ ಕಂಪ್ಯೂಟರ್, ಎರಡು ವಾಲ್ಯೂಮ್

ಪ್ರಶ್ನೆ: ನಾನು ಮನೆಯಲ್ಲೇ ಕೂತು ಟೈಪಿಂಗ್ ಕೆಲಸ ಮಾಡುತ್ತೇನೆ. ಭಾಷಣ, ಸಂದರ್ಶನಗಳ ರೆಕಾರ್ಡಿಂಗ್ ಕೇಳಿ ಕನ್ನಡದಲ್ಲಿ ಟೈಪ್ ಮಾಡಿ ಕೊಡಬೇಕು. ಅದಕ್ಕೆ ಹೆಡ್‌ಫೋನ್ ಬೇಕೇ ಬೇಕು. ಸಂಜೆ ಅದೇ ಕಂಪ್ಯೂಟರಿನಲ್ಲಿ ನಮ್ಮ ಅತ್ತೆ ಯೂಟ್ಯೂಬ್ ಹಾಕಿಕೊಂಡು ಯಕ್ಷಗಾನ ನೋಡುತ್ತಾರೆ. ಅವರಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಜೋರಾಗಿರಬೇಕು. ಮರುದಿನ ನಾನು ಹೆಡ್‌ಫೋನ್ ಸಿಕ್ಕಿಸಿದರೆ ಹಿಂದಿನ ಸಂಜೆಯ ವಾಲ್ಯೂಮೇ ಇರುತ್ತದೆ. ಕಿವಿ ಗುಂಯ್ ಎನ್ನುತ್ತದೆ. ಎರಡಕ್ಕೂ ಬೇರೆ ಬೇರೆ ವಾಲ್ಯೂಮ್ ಇಡಬಹುದೇ? ಸ್ಪೀಕರ್ ವೈರ್ ಸಿಪಿಯು ಹಿಂದೆ, ಹೆಡ್‌ಫೋನ್ ಮುಂದೆ. ವಿಂಡೋಸ್ 11 ಇದೆ.
— ಓದುಗರೊಬ್ಬರು, ಶಿರಸಿ

ಉತ್ತರ: ಖಂಡಿತ ಇಡಬಹುದು. ಅದಕ್ಕೂ ಮುಂಚೆ ಒಂದು ಮಾತು. ಇವತ್ತಿನಿಂದ ಹೆಡ್‌ಫೋನನ್ನು ಮೊದಲು ಕೈಯಲ್ಲಿ ಹಿಡಿದುಕೊಳ್ಳಿ, ರೆಕಾರ್ಡಿಂಗ್ ಶುರು ಮಾಡಿ, ವಾಲ್ಯೂಮ್ ಇಳಿಸಿ, ಆಮೇಲೆ ಕಿವಿಗೆ ಹಾಕಿಕೊಳ್ಳಿ. ಕೆಳಗೆ ಹೇಳಿದ್ದೆಲ್ಲ ಸರಿಹೋಗುವ ತನಕ ಇದನ್ನು ತಪ್ಪಿಸಬೇಡಿ.

ಈಗ ಕಾರಣ ನೋಡೋಣ. ವಿಂಡೋಸ್ ಪ್ರತಿಯೊಂದು ಆಡಿಯೊ ಸಾಧನದ ವಾಲ್ಯೂಮನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಆದರೆ ಬಹಳಷ್ಟು ಡೆಸ್ಕ್‌ಟಾಪ್‌ಗಳಲ್ಲಿರುವುದು ರಿಯಲ್‌ಟೆಕ್ ಕಂಪನಿಯ ಆಡಿಯೊ ಚಿಪ್. ಅದರ ಡ್ರೈವರ್ (ಚಿಪ್ಪನ್ನು ವಿಂಡೋಸ್ ಜೊತೆ ಹೊಂದಿಸುವ ಸಾಫ್ಟ್‌ವೇರ್) ಮಾಮೂಲಿಯಾಗಿ ಹಿಂದಿನ ಹಸಿರು ಜ್ಯಾಕ್, ಮುಂದಿನ ಹೆಡ್‌ಫೋನ್ ಜ್ಯಾಕ್ ಎರಡನ್ನೂ ಸೇರಿಸಿ ಒಂದೇ ಸಾಧನ ಎಂದು ವಿಂಡೋಸ್‌ಗೆ ತೋರಿಸುತ್ತದೆ. ಸಾಧನ ಒಂದೇ ಆದ ಮೇಲೆ ವಾಲ್ಯೂಮೂ ಒಂದೇ. ಅತ್ತೆಯವರು 90ಕ್ಕೆ ಇಟ್ಟು ಎದ್ದರೆ ನಿಮ್ಮ ಕಿವಿಗೂ 90ರಲ್ಲೇ ಬರುತ್ತದೆ.

ನಿಮ್ಮಲ್ಲೂ ಹೀಗೇ ಇದೆಯಾ ಎಂದು ನೋಡುವುದು ಸುಲಭ. ಹೆಡ್‌ಫೋನ್ ಸಿಕ್ಕಿಸಿ, ವಿಂಡೋಸ್ ಕೀ, ಕಂಟ್ರೋಲ್, ವಿ ಮೂರನ್ನೂ ಒಟ್ಟಿಗೆ ಒತ್ತಿ. ಸೌಂಡ್ ಎಲ್ಲಿಗೆ ಹೋಗಬೇಕು ಎಂಬ ಪಟ್ಟಿ ತೆರೆಯುತ್ತದೆ. ಅದರಲ್ಲಿ ರಿಯಲ್‌ಟೆಕ್ ಎಂಬ ಹೆಸರು ಒಂದೇ ಸಲ ಇದ್ದರೆ ಎರಡೂ ಜ್ಯಾಕ್ ಕೂಡಿಕೊಂಡಿವೆ ಎಂದರ್ಥ.

ಬೇರೆ ಮಾಡಲು ಸ್ಟಾರ್ಟ್ ಮೆನುವಿನಲ್ಲಿ ರಿಯಲ್‌ಟೆಕ್ ಆಡಿಯೊ ಕನ್ಸೋಲ್ ಹುಡುಕಿ ತೆರೆಯಿರಿ. ಹಳೆಯ ಕಂಪ್ಯೂಟರಿನಲ್ಲಾದರೆ ಕಂಟ್ರೋಲ್ ಪ್ಯಾನೆಲ್ ಒಳಗೆ ರಿಯಲ್‌ಟೆಕ್ ಎಚ್‌ಡಿ ಆಡಿಯೊ ಮ್ಯಾನೇಜರ್ ಎಂದಿರುತ್ತದೆ. ಅಲ್ಲಿ ಡಿವೈಸ್ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ಗೆ ಹೋಗಿ. ಪ್ಲೇಬ್ಯಾಕ್ ಡಿವೈಸ್ ಕೆಳಗೆ ಎರಡು ಆಯ್ಕೆ ಇರುತ್ತವೆ. ಒಂದು, ಮುಂದೆ ಹೆಡ್‌ಫೋನ್ ಸಿಕ್ಕಿಸಿದಾಗ ಹಿಂದಿನ ಸ್ಪೀಕರನ್ನು ಮ್ಯೂಟ್ ಮಾಡುವುದು. ಇನ್ನೊಂದು, ಮುಂದಿನದಕ್ಕೂ ಹಿಂದಿನದಕ್ಕೂ ಎರಡು ಬೇರೆ ಆಡಿಯೊ ಸ್ಟ್ರೀಮ್ ಕಳಿಸುವುದು. ಕೆಲವು ಕಡೆ ಇದನ್ನೇ ಮಲ್ಟಿ ಸ್ಟ್ರೀಮ್ ಮೋಡ್ ಎಂದು ಚಿಕ್ಕದಾಗಿ ಬರೆದಿರುತ್ತಾರೆ. ನಿಮಗೆ ಬೇಕಾದ್ದು ಈ ಎರಡನೆಯದು. ಅದನ್ನು ಆರಿಸಿದ ಮೇಲೆ ಪಟ್ಟಿಯಲ್ಲಿ ರಿಯಲ್‌ಟೆಕ್ ಎಚ್‌ಡಿ ಆಡಿಯೊ ಸೆಕೆಂಡ್ ಔಟ್‌ಪುಟ್ ಎಂಬ ಹೊಸ ಹೆಸರು ಬರುತ್ತದೆ. ಅದೇ ನಿಮ್ಮ ಹೆಡ್‌ಫೋನ್. ಅದನ್ನು ಆರಿಸಿ ವಾಲ್ಯೂಮನ್ನು 20ಕ್ಕೋ 30ಕ್ಕೋ ಇಡಿ. ಮತ್ತೆ ಸ್ಪೀಕರ್ಸ್ ಆರಿಸಿ ಅತ್ತೆಯವರಿಗೆ ಬೇಕಾದಷ್ಟು ಏರಿಸಿ. ಇನ್ನು ಮೇಲೆ ಒಂದನ್ನು ಮುಟ್ಟಿದರೆ ಇನ್ನೊಂದು ಕದಲುವುದಿಲ್ಲ.

ರಿಯಲ್‌ಟೆಕ್ ಕನ್ಸೋಲ್ ಕಾಣಿಸದಿದ್ದರೆ ವಿಂಡೋಸ್ ತನ್ನದೇ ಸಾಮಾನ್ಯ ಡ್ರೈವರ್ ಹಾಕಿಕೊಂಡಿರಬಹುದು. ಮದರ್‌ಬೋರ್ಡ್ ತಯಾರಕರ ವೆಬ್‌ಸೈಟಿನಿಂದ ನಿಮ್ಮ ಮಾಡೆಲ್‌ನ ಆಡಿಯೊ ಡ್ರೈವರನ್ನೇ ತಂದು ಹಾಕಿ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಬೇರೆ ಸೈಟುಗಳ ಹತ್ತಿರ ಹೋಗಬೇಡಿ. ಬೇಡದ ಸಾಫ್ಟ್‌ವೇರ್ ಜೊತೆಗೆ ಬಂದು ಕೂರುತ್ತದೆ.

ಇದರಿಂದ ಇನ್ನೊಂದು ಅನುಕೂಲವೂ ಇದೆ. ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ವಾಲ್ಯೂಮ್ ಮಿಕ್ಸರ್ ಹೀಗೆ ಹೋದರೆ ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಬೇರೆ ಔಟ್‌ಪುಟ್ ಕೊಡಬಹುದು. 2018ರ ಏಪ್ರಿಲ್ ಅಪ್‌ಡೇಟ್‌ನಲ್ಲಿ ವಿಂಡೋಸ್ 10ಕ್ಕೆ ಬಂದ ಸೌಲಭ್ಯ ಇದು. ನೀವು ರೆಕಾರ್ಡಿಂಗನ್ನು ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಕೇಳುತ್ತೀರಿ ಅಂದುಕೊಳ್ಳೋಣ. ವಿಎಲ್‌ಸಿಗೆ ಹೆಡ್‌ಫೋನ್, ಬ್ರೌಸರಿಗೆ ಸ್ಪೀಕರ್ ಎಂದು ಒಮ್ಮೆ ಹೇಳಿಟ್ಟರೆ ಸಾಕು. ಯೂಟ್ಯೂಬಿನ ಚಂಡೆ ಸ್ಪೀಕರಿನಲ್ಲೇ ಕೇಳುತ್ತದೆ, ನಿಮ್ಮ ಹೆಡ್‌ಫೋನಿಗೆ ಬರುವುದಿಲ್ಲ. ರೆಕಾರ್ಡಿಂಗೂ ಬ್ರೌಸರಿನಲ್ಲೇ ಇದ್ದರೆ ಎರಡು ಬ್ರೌಸರ್ ಇಟ್ಟುಕೊಳ್ಳಿ. ಕ್ರೋಮ್ ಅವರಿಗೆ, ಫೈರ್‌ಫಾಕ್ಸ್ ನಿಮಗೆ.

ಸೆಟ್ಟಿಂಗ್ಸ್ ಮುಟ್ಟುವುದೇ ಬೇಡ ಎನಿಸಿದರೆ ಸ್ಪೀಕರಿನ ಮೇಲಿರುವ ತಿರುಗಣೆಯನ್ನು ಬಳಸಿ. ಕಂಪ್ಯೂಟರಿನ ವಾಲ್ಯೂಮನ್ನು ಹೆಡ್‌ಫೋನಿಗೆ ಹಿತವಾಗುವಷ್ಟಕ್ಕೆ ನಿಲ್ಲಿಸಿ. ಜೋರು ಬೇಕಾದಾಗ ಸ್ಪೀಕರಿನ ತಿರುಗಣೆ ಮಾತ್ರ ಏರಿಸಲಿ. ಸ್ಪೀಕರಿನಲ್ಲಿ ಅದರದೇ ಆಂಪ್ಲಿಫೈಯರ್ ಇರುವುದರಿಂದ ಇದು ನಡೆಯುತ್ತದೆ. ತೀರಾ ಏರಿಸಿದರೆ ಸ್ವಲ್ಪ ಸುಯ್ ಎನ್ನಬಹುದು, ಅಷ್ಟೆ. ಅತ್ತೆಯವರಿಗೂ ಮೌಸ್ ಹಿಡಿದು ಪುಟ್ಟ ಗೆರೆ ಎಳೆಯುವುದಕ್ಕಿಂತ ತಿರುಗಣೆ ತಿರುಗಿಸುವುದೇ ಸಲೀಸು, ಅಲ್ವಾ?

ಅಂಗಡಿಯಲ್ಲಿ ಸ್ಪ್ಲಿಟರ್ ವೈರ್ ಕೊಟ್ಟು ಕಳಿಸಿದರೆ ತರಬೇಡಿ. ಅದು ಒಂದೇ ಸಿಗ್ನಲನ್ನು ಎರಡು ಕಡೆ ಹಂಚುತ್ತದೆ, ವಾಲ್ಯೂಮ್ ಬೇರೆ ಮಾಡುವುದಿಲ್ಲ. ದುಡ್ಡು ಖರ್ಚು ಮಾಡುವುದೇ ಆದರೆ ಪುಟ್ಟ ಯುಎಸ್‌ಬಿ ಸೌಂಡ್ ಕಾರ್ಡ್ ತನ್ನಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೆಡ್‌ಫೋನನ್ನು ಅದಕ್ಕೆ ಸಿಕ್ಕಿಸಿದರೆ ವಿಂಡೋಸ್ ಅದನ್ನು ಬೇರೆ ಸಾಧನ ಎಂದೇ ಎಣಿಸುತ್ತದೆ.

ನಿಮ್ಮ ಕೆಲಸವೇ ಕಿವಿಯಿಂದ ನಡೆಯುವುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು 3 ಡೆಸಿಬೆಲ್ ಏರಿದರೆ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 90 ಡೆಸಿಬೆಲ್ ಆದರೆ ವಾರಕ್ಕೆ ಬರೀ 4 ಗಂಟೆ. ಮಾತು ಸ್ಪಷ್ಟವಾಗಿಲ್ಲ ಎಂದು ವಾಲ್ಯೂಮ್ ಏರಿಸುವ ಬದಲು ವೇಗ ಇಳಿಸಿ ಕೇಳಿ ನೋಡಿ. ವಿಎಲ್‌ಸಿಯಲ್ಲಿ ಅದಕ್ಕೂ ಸೌಲಭ್ಯ ಇದೆ. ಕಿವಿಯ ಗುಂಯ್ ಸದ್ದು ಮರುದಿನವೂ ಹೋಗದಿದ್ದರೆ ತಡ ಮಾಡದೆ ಕಿವಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನನ್ನದರಲ್ಲಿ ವಿಂಡೋಸ್ ಅಲ್ಲ, ಉಬುಂಟು ಲಿನಕ್ಸ್ ಇದೆ. ಹೆಡ್‌ಫೋನ್ ಸಿಕ್ಕಿಸಿದ ಕೂಡಲೇ ಸ್ಪೀಕರ್ ನಿಂತುಹೋಗುತ್ತದೆ. ಎರಡೂ ಒಟ್ಟಿಗೆ ಬೇಕು, ವಾಲ್ಯೂಮ್ ಬೇರೆ ಇರಬೇಕು.
— ವಿದ್ಯಾರ್ಥಿ, ಹಾಸನ

ಉತ್ತರ: ಟರ್ಮಿನಲ್ ತೆರೆದು ಆಲ್ಸಾಮಿಕ್ಸರ್ (alsamixer) ಎಂಬ ವಾಲ್ಯೂಮ್ ಹೊಂದಿಸುವ ಪ್ರೋಗ್ರಾಮ್ ಓಡಿಸಿ. ಎಫ್6 ಒತ್ತಿ ನಿಮ್ಮ ಸೌಂಡ್ ಕಾರ್ಡ್ ಆರಿಸಿ. ಬಲಗಡೆಗೆ ಸರಿಯುತ್ತಾ ಹೋದರೆ ಆಟೊ ಮ್ಯೂಟ್ ಮೋಡ್ ಸಿಗುತ್ತದೆ. ಅದನ್ನು ಡಿಸೇಬಲ್ಡ್ ಮಾಡಿ. ಸ್ಪೀಕರ್ ನಿಲ್ಲಿಸುತ್ತಿರುವುದು ಅದೇ. ಆಮೇಲೆ ಹೆಡ್‌ಫೋನ್ ಎಂಬ ಕಂಬವನ್ನೂ, ಫ್ರಂಟ್ ಅಥವಾ ಲೈನ್ ಔಟ್ ಎಂಬ ಕಂಬವನ್ನೂ ಬಾಣದ ಕೀಗಳಿಂದ ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಕಂಬದ ಕೆಳಗೆ ಎಂಎಂ ಎಂದಿದ್ದರೆ ಅದು ಮ್ಯೂಟ್ ಆಗಿದೆ, ಎಂ ಒತ್ತಿ ತೆಗೆಯಿರಿ. ಡೆಸ್ಕ್‌ಟಾಪಿನ ಮೇಲ್ಪಟ್ಟಿಯಿಂದ ವಾಲ್ಯೂಮ್ ಎಳೆದರೆ ಈ ಕಂಬಗಳು ಮತ್ತೆ ಕದಲಬಹುದು. ಆದ್ದರಿಂದ ಹೊಂದಿಸಿದ ಮೇಲೆ ಆಯಾ ಪ್ರೋಗ್ರಾಮಿನ ವಾಲ್ಯೂಮನ್ನೇ ಬಳಸಿ.

ಪ್ರಶ್ನೆ: ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್. ಮುಂದಿನ ಹೆಡ್‌ಫೋನ್ ಜ್ಯಾಕಿನಲ್ಲಿ ಶಬ್ದವೇ ಇಲ್ಲ, ಹಿಂದೆ ಸರಿಯಾಗಿದೆ.
— ಓದುಗರೊಬ್ಬರು, ಗದಗ

ಉತ್ತರ: ಜಾಸ್ತಿ ಅನುಮಾನ ಒಳಗಿನ ವೈರಿನ ಮೇಲೆ. ಕರೆಂಟ್ ಪ್ಲಗ್ ಕಿತ್ತು, ಪಕ್ಕದ ಬಾಗಿಲು ತೆಗೆದು ನೋಡಿ. ಮುಂದಿನ ಜ್ಯಾಕಿನಿಂದ ಬರುವ ವೈರ್ ಮದರ್‌ಬೋರ್ಡಿನ ಆಡಿಯೊ ಪಿನ್‌ಗಳಿಗೆ ಕೂತಿರಬೇಕು. ಆ ಪಿನ್‌ಗಳು ಸಾಮಾನ್ಯವಾಗಿ ಹಿಂದಿನ ಆಡಿಯೊ ಜ್ಯಾಕ್‌ಗಳ ಹತ್ತಿರವೇ, ಬೋರ್ಡಿನ ಅಂಚಿನಲ್ಲಿರುತ್ತವೆ. ಹಳೆಯ ಕ್ಯಾಬಿನೆಟ್ ಆದರೆ ವೈರಿನ ತುದಿಯಲ್ಲಿ ಎರಡು ಪ್ಲಗ್ ನೇತಾಡುತ್ತಿರಬಹುದು. ಒಂದರ ಮೇಲೆ ಎಚ್‌ಡಿ ಆಡಿಯೊ, ಇನ್ನೊಂದರ ಮೇಲೆ ಎಸಿ 97 ಎಂದಿರುತ್ತದೆ. ಎಚ್‌ಡಿ ಆಡಿಯೊ ಎಂಬುದನ್ನೇ ಹಾಕಿ. ಒಂದು ಪಿನ್ ಇಲ್ಲದ ಜಾಗಕ್ಕೆ ಪ್ಲಗ್‌ನಲ್ಲೂ ತೂತು ಮುಚ್ಚಿರುತ್ತದೆ. ಎರಡೂ ಎದುರುಬದುರು ಬರುವಂತೆ ಹಿಡಿದು ಮೆಲ್ಲಗೆ ಒತ್ತಿ.